ಇವಾನ್ ಪ್ಯೂ ಸುಟ್ಟ ಮಣ್ಣು

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಗದ ತಲುಪಿತು. ತೊಗರಿಯ ಕುಂಡ ಪ್ರಯೋಗಕ್ಕೆಂದು ಮಣ್ಣನ್ನು ಆಟೋಕ್ಲೇವ್ ಎಂಬ ಒತ್ತಡದ ಹಬೆಪಾತ್ರೆಯಲ್ಲಿ ಬೇಯಿಸಿಟ್ಟಿದ್ದೀಯ. ಅಷ್ಟರಲ್ಲೇ ವಿಭಾಗದ ಲೆಕ್ಕಪತ್ರವೂ ನಿನ್ನ ಹೆಗಲೇರಿದೆ. ಎರಡನ್ನೂ ಹೊತ್ತವನೊಬ್ಬನಿದ್ದ. ಅವನನ್ನು ಚೆನ್ನಾಗಿ ತಿಳಿದುಕೊಂಡ ಮೇಲೆ ಬೀಜ ಹಾಕು.

ಅವನು ಇವಾನ್ ಪ್ಯೂ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನದವನು, ಹುಟ್ಟಿದ್ದು 1828ರ ಫೆಬ್ರವರಿ 29. ಕಮ್ಮಾರಿಕೆ ಕಲಿಯಲು ಸೇರಿದ್ದವನು ಕರಾರಿನ ಉಳಿದ ಅವಧಿಗೆ ದುಡ್ಡು ಕಟ್ಟಿ ಬಿಡಿಸಿಕೊಂಡು ಓದಿನ ದಾರಿ ಹಿಡಿದ. 1853ರಲ್ಲಿ ಜರ್ಮನಿಗೆ ಹೋಗಿ 1856ರಲ್ಲಿ ಗಟ್ಟಿಂಗನ್‌ನಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದ. ಅಲ್ಲಿಂದ ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ಗೆ, ಅಲ್ಲಿ ಕೃಷಿ ಪ್ರಯೋಗ ನಡೆಸುತ್ತಿದ್ದ ಲಾಸ್ ಮತ್ತು ಗಿಲ್ಬರ್ಟ್ ಅವರ ಬಳಿಗೆ.

ಆಗ ಫ್ರಾನ್ಸಿನಲ್ಲಿ ದೊಡ್ಡ ಜಗಳ ನಡೆದಿತ್ತು. ಗಾಳಿಯಲ್ಲಿರುವ ಸಾರಜನಕವನ್ನು ಗಿಡ ನೇರವಾಗಿ ಹೀರುತ್ತದೆ ಎಂದು ವಿಲ್ ಎಂಬ ವಿಜ್ಞಾನಿ, ಇಲ್ಲವೇ ಇಲ್ಲ ಎಂದು ಇನ್ನೊಬ್ಬ ವಿಜ್ಞಾನಿ ಬೂಸಾಂಗೋ. ಪ್ಯೂ 1857 ಮತ್ತು 1858ರಲ್ಲಿ ಇದನ್ನು ಪರೀಕ್ಷೆಗಿಟ್ಟ ಬಗೆ ನೋಡು. ಮಣ್ಣನ್ನೂ ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲನ್ನೂ ಕೆಂಪಗೆ ಕಾಯಿಸಿ ಅದರೊಳಗಿನ ಸಾರಜನಕವನ್ನೆಲ್ಲ ಸುಟ್ಟ. ಖನಿಜ ಪೋಷಣೆಗೆ ಗಿಡದ ಬೂದಿ ಬೆರೆಸಿದ. ಕುಂಡದ ಮೇಲೆ ಗಾಜಿನ ಗಂಟೆ ಕವುಚಿ, ಅದರ ಅಂಚನ್ನು ಪಾದರಸ ತುಂಬಿದ ಕಾಲುವೆಯಲ್ಲಿ ಕೂರಿಸಿದ. ಹೊರಗಿನ ಗಾಳಿಗೆ ಎಳ್ಳಷ್ಟೂ ಸಂದಿಲ್ಲ. ಒಳಗೆ ಬಿಡುವ ಗಾಳಿ ಮೊದಲು ಸಲ್ಫ್ಯೂರಿಕ್ ಆಮ್ಲದ ಮೂಲಕ ಹಾಯಬೇಕು, ಇಲ್ಲದಿದ್ದರೆ ಅದರಲ್ಲಿನ ಅಮೋನಿಯ ಲೆಕ್ಕ ಕೆಡಿಸುತ್ತದೆ. ಗೋಧಿ, ಜವೆಗೋಧಿ, ಓಟ್ಸ್ ಜೊತೆಗೆ ಬಟಾಣಿ, ಬೀನ್ಸ್, ಕ್ಲೋವರ್ ಬೆಳೆಸಿ, ಬೀಜದಲ್ಲಿದ್ದ ಸಾರಜನಕವನ್ನೂ ಕೊನೆಗೆ ಗಿಡ, ಮಣ್ಣು, ಕುಂಡಗಳಲ್ಲಿ ಸಿಕ್ಕಿದ್ದನ್ನೂ ತಾಳೆ ನೋಡಿದ. ಸಾರಜನಕ ಅಳೆಯುವ ಕ್ಜೆಲ್ಡಾಲ್ ವಿಧಾನ ಬಂದದ್ದು 1883ರಲ್ಲಿ. ಇವನ ಕೈಲಿದ್ದದ್ದು ಸೋಡಾ ಸುಣ್ಣದೊಡನೆ ಸುಡುವ ಹಳೆಯ, ರಗಳೆಯ ವಿಧಾನ.

ಫಲಿತಾಂಶ: ಗಿಡ ಗಾಳಿಯಿಂದ ಸಾರಜನಕವನ್ನು ತೆಗೆದುಕೊಳ್ಳಲಿಲ್ಲ. 1861ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಮೂವರ ಹೆಸರಿನಲ್ಲಿ ಅಚ್ಚಾಯಿತು. ಜಗಳ ಮುಗಿಯಿತೆಂದು ಜನ ಬಗೆದರು.

ಎಡವಟ್ಟಾದದ್ದು ಅಚ್ಚುಕಟ್ಟಿನಲ್ಲೇ. ಬಟಾಣಿಯ ಬೇರುಗಂಟಿನಲ್ಲಿ ಕೂತು ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಮಣ್ಣಿನ ಜೊತೆಗೇ ಸುಟ್ಟುಹೋಗಿತ್ತು. 1886ರಲ್ಲಿ ಜರ್ಮನಿಯ ಬರ್ನ್‌ಬುರ್ಗಿನ ಹೆಲ್‌ರೀಗಲ್ ಮತ್ತು ಅವನ ಜೊತೆಗಾರ ವಿಲ್‌ಫಾರ್ಟ್ ಉತ್ತರ ಹೊರಗಿಟ್ಟರು: ಬರಡು ಮರಳಿಗೆ ಹೊಲದ ಮಣ್ಣು ಕದಡಿದ ನೀರನ್ನು ಒಂದಿಷ್ಟು ಹಾಕಿದರೆ ಬಟಾಣಿ ಹುಲುಸಾಗಿ ಏಳುತ್ತದೆ, ಅದೇ ನೀರನ್ನು ಕುದಿಸಿ ಹಾಕಿದರೆ ಏಳುವುದಿಲ್ಲ. ಗೋಧಿ, ಜವೆಗೋಧಿಗಳ ಮಟ್ಟಿಗೆ ಪ್ಯೂ ಹೇಳಿದ್ದು ಸರಿಯಾಗಿಯೇ ಉಳಿಯಿತು. ದ್ವಿದಳದ ಬಗ್ಗೆಯೂ ಆ ಲೇಖನ ಕಣ್ಣುಮುಚ್ಚಿ ತೀರ್ಪು ಕೊಟ್ಟಿರಲಿಲ್ಲ. ಈ ಗಿಡಗಳು ಚೆನ್ನಾಗಿ ಬೆಳೆಯಲಿಲ್ಲ, ಇನ್ನೂ ಆರೋಗ್ಯವಾಗಿ ಬೆಳೆಯುವ ಸ್ಥಿತಿಯಲ್ಲಿ ಮತ್ತೆ ನೋಡಬೇಕು ಎಂದು ಅಲ್ಲೇ ಬರೆದಿಟ್ಟಿದ್ದರು. ಓದಿದವರು ಆ ಸಾಲನ್ನು ಮರೆತರು. ನಿನ್ನ ಪ್ರಬಂಧದಲ್ಲಿ ಅಂಥ ಸಾಲು ಬಂದರೆ ಕೊನೆಯ ಪುಟದಲ್ಲಿ ಹುದುಗಿಸಬೇಡ, ಸಾರಾಂಶದಲ್ಲೇ ಹಾಕು.

ಈಗ ನಿನ್ನ ಕುಂಡಗಳು. ಬೇಯಿಸಿದ ಮಣ್ಣು, ಬೇಯಿಸದ ಮಣ್ಣು ಎಂಬ ಎರಡೇ ಸಾಲು ಸಾಲದು. ಬೇಯಿಸಿದ್ದಕ್ಕೆ ರೈಜೋಬಿಯಂ, ಅಂದರೆ ಆ ಬೇರುಗಂಟಿನ ಬ್ಯಾಕ್ಟೀರಿಯಾ, ಹಾಕಿದ್ದು ಒಂದು, ಕುದಿಸಿ ಕೊಂದ ರೈಜೋಬಿಯಂ ಹಾಕಿದ್ದು ಇನ್ನೊಂದು ಇರಲೇಬೇಕು. ಎಲ್ಲರೂ ಬಿಡುವುದು ಈ ಕೊನೆಯದನ್ನೇ. ಅದಿಲ್ಲದೆ ಗಿಡ ಎದ್ದದ್ದು ಜೀವಾಣುವಿನಿಂದಲೋ ಆ ದ್ರವದಲ್ಲಿದ್ದ ಪೋಷಕಾಂಶದಿಂದಲೋ ಹೇಳಲಾಗದು. ಒಂದೇ ಸಲ ಬೇಯಿಸಿ ನಿಲ್ಲಿಸಬೇಡ: 121 ಡಿಗ್ರಿಯಲ್ಲಿ ಒಂದು ಗಂಟೆ, ಮರುದಿನ ಮತ್ತೊಂದು ಗಂಟೆ. ಮೊದಲ ಸಲ ಉಳಿದ ಬೀಜಕಣಗಳು ನಡುವೆ ಮೊಳೆತು ಎರಡನೆಯ ಸಲ ಸಾಯುತ್ತವೆ. ಚೀಲ ತುಂಬಾ ತುರುಕಿದರೆ ನಡುವಿನ ಮಣ್ಣಿಗೆ ಬಿಸಿ ತಲುಪದು. ಬೇಯಿಸಿದ ಮಣ್ಣು ಅಮೋನಿಯಂ, ಮ್ಯಾಂಗನೀಸ್ ಬಿಡುತ್ತದೆ. ಅಮೋನಿಯಂ ಹೆಚ್ಚಿದ್ದಲ್ಲಿ ಬೇರುಗಂಟೇ ಕಟ್ಟುವುದಿಲ್ಲ. ಹಾಗಾಗಿ ಸಾಧ್ಯವಿದ್ದರೆ ಮಣ್ಣು ಬಿಟ್ಟು ತೊಳೆದ ಮರಳನ್ನೂ ಸಾರಜನಕವಿಲ್ಲದ ಪೋಷಕ ದ್ರಾವಣವನ್ನೂ ಹಿಡಿ. ನೀರು ಹಾಕುವಾಗ ಚಿಮ್ಮಿದ ಒಂದು ಹನಿ ಪಕ್ಕದ ಕುಂಡ ಕೆಡಿಸಲು ಸಾಕು, ಸಾಲುಗಳನ್ನು ದೂರ ಇಡು. ಗಂಟು ಎಣಿಸಿದರೆ ಮುಗಿಯಲಿಲ್ಲ, ಸೀಳಿ ನೋಡು: ಒಳಗೆ ನಸುಗೆಂಪಿದ್ದರೆ ಕೆಲಸ ಮಾಡುತ್ತಿದೆ, ಬೆಳ್ಳಗಿದ್ದರೆ ಇಲ್ಲ.

ಲೆಕ್ಕಪತ್ರದ ಮಾತು. 1859ರ ಅಕ್ಟೋಬರ್‌ನಲ್ಲಿ ಪ್ಯೂ ಪೆನ್ಸಿಲ್ವೇನಿಯಾದ ರೈತರ ಪ್ರೌಢಶಾಲೆಯ ಅಧ್ಯಕ್ಷನಾಗಿ ಬಂದ. ಇಂದಿನ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಅದೇ. ಮುಖ್ಯ ಕಟ್ಟಡ ಅರ್ಧಕ್ಕೇ ನಿಂತಿತ್ತು. 1861ರಲ್ಲಿ ಶಾಸನಸಭೆ 49,900 ಡಾಲರ್ ಕೊಟ್ಟ ಮೇಲೆ 1863ರಲ್ಲಿ ಮುಗಿಯಿತು. ಈ ನಡುವೆ ಅವನೇ ರಸಾಯನ, ಭೂವಿಜ್ಞಾನ, ವೈಜ್ಞಾನಿಕ ಕೃಷಿ ಕಲಿಸುತ್ತಿದ್ದ. 1861ರ ಡಿಸೆಂಬರ್‌ನಲ್ಲಿ 11 ಮಂದಿ ಪದವಿ ಪಡೆದರು.

1862ರ ಮೊರಿಲ್ ಕಾಯಿದೆಯಲ್ಲಿ, ಮಾರಿ ಕೃಷಿ ಮುಂತಾದವನ್ನು ಕಲಿಸುವ ಕಾಲೇಜು ನಡೆಸಲೆಂದು, ಪ್ರತಿ ರಾಜ್ಯಕ್ಕೆ ಅದರ ಒಬ್ಬೊಬ್ಬ ಸಂಸದನ ಲೆಕ್ಕದಲ್ಲಿ 30,000 ಎಕರೆಯಂತೆ ಭೂಮಿ. ಪೆನ್ಸಿಲ್ವೇನಿಯಾಕ್ಕೆ 7,80,000 ಎಕರೆಯ ಹಕ್ಕುಪತ್ರ ಬಂತು. ಉಳಿದ ಕಾಲೇಜುಗಳೂ ಪಾಲಿಗೆ ಕೈಚಾಚಿದವು. ಒಂದು ಒಳ್ಳೆಯ ಕೃಷಿ ಕಾಲೇಜಿಗೇ ಇದು ಸಾಲದು, ಹಂಚಿದರೆ ಯಾರಿಗೂ ಸಿಗದು ಎಂದು ಪ್ಯೂ 1864ರ ಜನವರಿಯಲ್ಲಿ ಲೆಕ್ಕ ಸಮೇತ ವರದಿ ಬರೆದ. ಅವನ ಅಂದಾಜು ಹೆಚ್ಚೇನೂ ತಪ್ಪಲಿಲ್ಲ. ಹಲವು ರಾಜ್ಯಗಳು ಏಕಕಾಲಕ್ಕೆ ಮಾರಲು ಹೊರಟು ಬೆಲೆ ಬಿದ್ದು, ಕೊನೆಗೆ ಕೈಸೇರಿದ್ದು ಸುಮಾರು 4,39,000 ಡಾಲರ್, ಎಕರೆಗೆ 56 ಸೆಂಟ್. ಅದನ್ನು ನೋಡಲು ಅವನಿರಲಿಲ್ಲ. 1863ರಲ್ಲಿ ಕುದುರೆಗಾಡಿ ಮಗುಚಿ ತೋಳು ಮುರಿದಿತ್ತು. 1864ರ ಫೆಬ್ರವರಿಯಲ್ಲಿ ಮದುವೆಯಾದವನು ಏಪ್ರಿಲ್ 29ರಂದು ವಿಷಮಜ್ವರದಿಂದ ತೀರಿಕೊಂಡ. ವಯಸ್ಸು 36.

ನಿನ್ನ ವಿಭಾಗದ ಅನುದಾನವನ್ನು ನಾಲ್ಕು ಪ್ರಯೋಗಗಳಿಗೆ ಹಂಚಲು ಹೇಳುತ್ತಿದ್ದಾರೆಂದು ಬರೆದಿದ್ದೀಯ. ಬಾಯಲ್ಲಿ ವಾದ ಬೇಡ. ಒಂದು ಪ್ರಯೋಗಕ್ಕೆ ಕುಂಡ, ಮರಳು, ರಾಸಾಯನಿಕ, ಸಾರಜನಕದ ವಿಶ್ಲೇಷಣೆ, ಸಹಾಯಕರ ಕೂಲಿ ಸೇರಿ ಒಟ್ಟು ಎಷ್ಟು, ಹಂಚಿದರೆ ಪ್ರತಿಯೊಂದಕ್ಕೂ ಎಷ್ಟು ಪುನರಾವರ್ತನೆ (ಒಂದೇ ಬಗೆಯ ಕುಂಡಗಳ ಪ್ರತಿ) ಉಳಿಯುತ್ತದೆ ಎಂಬ ಒಂದು ಪುಟ ಮಾಡಿ ಮೇಜಿನ ಮೇಲಿಡು. ಮೂರಕ್ಕಿಂತ ಕಡಿಮೆ ಬಂದರೆ ಅವರೇ ನೋಡಿಕೊಳ್ಳಲಿ.

ಕುಂಡಗಳ ನಕ್ಷೆ ಬರೆದು ಕಳಿಸು, ಬೀಜ ನೆನೆಹಾಕುವ ಮುಂಚೆಯೇ.

ನಿನ್ನ ದೊಡ್ಡಪ್ಪ