ತಾಯಿ ಮಗನನ್ನು ಬಿಟ್ಟುಕೊಟ್ಟಳಾ?

ಪ್ರೀತಿಯ ತಮ್ಮಾ,

ನಿನ್ನ ಅನುವಾದದ ಹಸ್ತಪ್ರತಿ ಪೂರ್ತಿ ಓದಿದೆ. ಪ್ರಕಾಶಕರು, ಹಕ್ಕು, ಮುನ್ನುಡಿ ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ, ಬಿಡು. ನನ್ನನ್ನು ಕಾಡಿದ್ದು ಮೂರನೇ ಕಥೆಯ ಒಂದು ಸಾಲು.

ಮೂಲದಲ್ಲಿ ‘ಶಿ ಗೇವ್ ಅಪ್ ಆನ್ ಹರ್ ಸನ್’ ಅಂತಿದೆ. ನೀನು ‘ಅವಳು ಮಗನನ್ನು ಬಿಟ್ಟುಕೊಟ್ಟಳು’ ಅಂತ ಬರೆದಿದ್ದೀಯ. ಅಲ್ಲಯ್ಯಾ, ಮುಂದಿನ ಪುಟದಲ್ಲೇ ಅವಳು ಅದೇ ಮಗನಿಗೆ ಊಟ ಬಡಿಸುತ್ತಾಳೆ. ಆಗಲೂ ನಿನಗೆ ಅನುಮಾನ ಬರಲಿಲ್ವಾ? ‘ಆನ್’ ಇಲ್ಲದಿದ್ದರೆ ನಿನ್ನ ಮಾತು ನಡೆಯುತ್ತಿತ್ತು. ಮಗುವನ್ನು ದತ್ತು ಕೊಟ್ಟ ತಾಯಿಯ ಬಗ್ಗೆ ಇಂಗ್ಲಿಷಿನಲ್ಲಿ ಹಾಗೆ ಹೇಳುವುದುಂಟು. ‘ಆನ್’ ಬಂತೋ, ಮಗ ಮನೆಯಲ್ಲೇ ಇರುತ್ತಾನೆ, ಅವನ ಮೇಲಿನ ನಂಬಿಕೆ ಹೋಗಿರುತ್ತದೆ. ಇವನು ಇನ್ನು ಉದ್ಧಾರ ಆಗಲ್ಲ ಅಂತ ತಾಯಿ ಆಸೆ ಬಿಟ್ಟಿದ್ದಾಳೆ. ಆದರೂ ಅನ್ನ ಹಾಕುತ್ತಾಳೆ. ಕಥೆ ಇರುವುದೇ ಅಲ್ಲಿ. ನೀನು ಅದನ್ನು ಓದದೆ ದಾಟಿದ್ದೀಯ.

ಇನ್ನೊಂದು ಕಡೆ, ಅದೇ ‘ಗಿವ್ ಅಪ್’ ಬಂದಲ್ಲಿ, ಒಬ್ಬ ಬಸ್ಸಿನಲ್ಲಿ ಮುದುಕಿಗೆ ಸೀಟು ‘ತ್ಯಜಿಸುತ್ತಾನೆ’. ಸೀಟು ಬಿಟ್ಟುಕೊಡುತ್ತಾರಪ್ಪ, ತ್ಯಜಿಸುವುದು ಸಿಂಹಾಸನವನ್ನು. ಸಿಗರೇಟಾದರೆ ಬರೀ ‘ಬಿಟ್ಟ’ ಸಾಕು. ‘ಗೇವ್ ಹಿಮ್ಸೆಲ್ಫ್ ಅಪ್’ ಅಂದರೆ ಪೊಲೀಸರಿಗೆ ಶರಣಾದ. ಬಿಟ್ಟ, ಬಿಟ್ಟುಕೊಟ್ಟ, ಕೈಬಿಟ್ಟ, ಕೈಚೆಲ್ಲಿದ, ಇಷ್ಟೆಲ್ಲ ನಿನ್ನ ಮನೆಯಲ್ಲೇ ಆಡುವ ಮಾತುಗಳು. ಯಾರು ಏನನ್ನು ಬಿಟ್ಟರು ಅಂತ ಮೊದಲು ಕೇಳಿಕೋ, ಮಾತು ತಾನಾಗಿ ಬರುತ್ತದೆ.

ತಪ್ಪು ನಿನ್ನೊಬ್ಬನದೇ ಅಲ್ಲ. ನನ್ನ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ‘ಗಿವ್ ಅಪ್’ ಕಂಡಲ್ಲೆಲ್ಲ ಕೆಂಪು ಶಾಯಿಯಲ್ಲಿ ಹೊಡೆದು ‘ರಿಲಿಂಕ್ವಿಶ್’ ಅಂತ, ಅದೇ ಅರ್ಥದ ದೊಡ್ಡ ಮಾತು, ಬರೆಯುತ್ತಿದ್ದರು. ಸಣ್ಣ ಮಾತು ಬರೆದರೆ ದಡ್ಡರು ಅನ್ನುವ ಭಯವನ್ನು ನಮ್ಮಲ್ಲಿ ತುಂಬಿದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟು ತಂದಾಗ, ಹೊರಗಿನವರಿಗೆ ತುಂಬಾ ಕಷ್ಟವಾಗುವುದು ಹೀಗೆ ‘ಅಪ್’, ‘ಆಫ್’ ಅಂತ ಬಾಲ ಅಂಟಿಸಿಕೊಂಡ ಕ್ರಿಯಾಪದಗಳೇ ಅಂತ ಮುನ್ನುಡಿಯಲ್ಲಿ ಬರೆದ. ಅವನ್ನು ಜತನದಿಂದ ಗುರುತು ಹಾಕಿಕೊಂಡ. ಮೇಷ್ಟ್ರು ಆ ಮುನ್ನುಡಿ ಓದಿದ್ದರೋ ಇಲ್ಲವೋ. ‘ಗಿವ್ ಇಟ್ ಅಪ್’ ಸರಿ, ‘ಗಿವ್ ಅಪ್ ಇಟ್’ ತಪ್ಪು ಅನ್ನುವಂಥದ್ದು ಯಾವ ವ್ಯಾಕರಣದಲ್ಲೂ ಸಿಗುತ್ತದೆ, ನೋಡಿಕೋ.

ಪತ್ರದ ಕೊನೆಗೆ ‘ಗಿವ್ ಅಪ್ ಮಾಡ್ತಿದ್ದೀನಿ ಸರ್’ ಅಂತ ಬೇರೆ ಬರೆದಿದ್ದೀಯ. ಏನನ್ನು? ಅನುವಾದವನ್ನಾ? ಈ ಪುಸ್ತಕವನ್ನಾ? ಇಲ್ಲಾ ನಿನ್ನ ಮೇಲಿನ ನಂಬಿಕೆಯನ್ನಾ? ಪುಸ್ತಕವಾದರೆ ಬಿಡು, ಬೇರೆ ಕಥೆಗಾರರು ಇದ್ದಾರೆ. ನಂಬಿಕೆಯಾದರೆ, ಅಷ್ಟು ಬೇಗ ಯಾಕೋ ಮಾರಾಯ?

ಮೂರನೇ ಕಥೆ ಮತ್ತೆ ಬರೆದು ಕಳಿಸು. ಮೂಲವನ್ನೂ ಜೊತೆಗಿಡು. ಐದನೇ ಕಥೆಯ ಅಣ್ಣತಮ್ಮಂದಿರ ಜಗಳವನ್ನು ಮಾತ್ರ ಮುಟ್ಟಬೇಡ. ಅದರಲ್ಲಿ ಒಂದು ಅಕ್ಷರವೂ ಜಾಸ್ತಿ ಇಲ್ಲ.

ನಿನ್ನ,
ಹಳೇ ಜಗಳಗಂಟ