ಕಾಲುದಾರಿ ಇರುವಲ್ಲೇ ಸೇತುವೆ ಬರಲಿ

ಮಾನ್ಯ ಸಂಪಾದಕರೇ,

ಹಳಿ ದಾಟುವಾಗ ರೈಲಿಗೆ ಸಿಕ್ಕಿ ಯಾರಾದರೂ ಸತ್ತರೆ ‘ನಿರ್ಲಕ್ಷ್ಯವೇ ಕಾರಣ’ ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ. ನಾನು ನಿವೃತ್ತ ಟ್ರ್ಯಾಕ್‌ಮನ್. ಹಳಿಯ ಪಕ್ಕ ನಡೆದೇ ಚಪ್ಪಲಿ ಸವೆಸಿದವನು. ಆ ಸಾಲನ್ನು ನಾನು ಒಪ್ಪುವುದಿಲ್ಲ.

ಜಲ್ಲಿಯ ದಿಬ್ಬದಲ್ಲಿ ಕಾಲುದಾರಿ ಬಿದ್ದಿರುವ ಜಾಗಗಳನ್ನು ನೋಡಿ. ಒಂದು ಮಗ್ಗುಲಲ್ಲಿ ಮನೆಗಳಿದ್ದರೆ ಇನ್ನೊಂದು ಮಗ್ಗುಲಲ್ಲಿ ಶಾಲೆಯೋ ಹೊಲವೋ ಬಸ್ ನಿಲ್ದಾಣವೋ ಇದ್ದೇ ಇರುತ್ತದೆ. ಮೇಲ್ಸೇತುವೆ ಮಾತ್ರ ಜಾಗ ಸಿಕ್ಕ ಕಡೆ, ಎಲ್ಲೋ ದೂರದಲ್ಲಿ. ಹುಲ್ಲಿನ ಹೊರೆ ಹೊತ್ತವಳು ಅಲ್ಲಿವರೆಗೆ ನಡೆದು, ಅಷ್ಟು ಮೆಟ್ಟಿಲು ಹತ್ತಿ ಇಳಿದು ವಾಪಸ್ ಬರಬೇಕಂತೆ! ಹೀಗೆ ಹಳಿ ದಾಟಿದರೆ ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಜೈಲೂ ಇದೆ, ದಂಡವೂ ಇದೆ. ತಡೆಗೋಡೆಯನ್ನೂ ಕಟ್ಟುತ್ತಾರೆ. ಸ್ವಲ್ಪ ದಿನಕ್ಕೆ ಅದರಲ್ಲೊಂದು ಕಿಂಡಿ ಬೀಳುತ್ತದೆ, ಕಾಲುದಾರಿಗೆ ಸರಿಯಾಗಿ.

ಜೋಡಿ ಮಾರ್ಗ ದಾಟುವುದೆಂದರೆ ಹೆಚ್ಚುಕಮ್ಮಿ 10 ಮೀಟರ್. ಜಲ್ಲಿಯ ಮೇಲೆ ಹೆಜ್ಜೆ ಹುಡುಕುತ್ತ, ಮಗುವಿನ ಕೈ ಹಿಡಿದು ನಡೆದರೆ 10 ಸೆಕೆಂಡ್ ಬೇಕು. ಗಂಟೆಗೆ 110 ಕಿ.ಮೀ. ವೇಗದ ರೈಲು ಅಷ್ಟರಲ್ಲಿ 300 ಮೀಟರ್ ಬಂದಿರುತ್ತದೆ. ತಿರುವಿನಲ್ಲಿ ಪೊದೆ ಬೆಳೆದು 200 ಮೀಟರ್ ಆಚೆಗಿನದು ಕಾಣದಿದ್ದರೆ, ಎರಡೂ ಕಡೆ ನೋಡಿಯೇ ಹೆಜ್ಜೆ ಇಟ್ಟವರೂ ಉಳಿಯುವುದು ಕಷ್ಟ. ಚಾಲಕ ಬ್ರೇಕ್ ಹಾಕಿದರೂ ಇಡೀ ರೈಲು ಅಲ್ಲೇ ನಿಲ್ಲುವುದುಂಟೇ? ಆ ಪೊದೆ ಎಲ್ಲಿದೆ ಎಂಬುದು ದಿನಾ ದಾಟುವವರಿಗೆ ಗೊತ್ತು. ಅವರನ್ನು ಕೇಳಿದವರನ್ನು ಮಾತ್ರ ನಾನು ಕಾಣೆ.

ದೊಡ್ಡ ವಸ್ತು ದೂರದಿಂದ ಬರುವಾಗ ನಿಧಾನವಾಗಿ ಬರುತ್ತಿರುವಂತೆ ಕಣ್ಣಿಗೆ ತೋರುತ್ತದೆ. ಸುಮಾರು 2010ರಲ್ಲಿ ಮುಂಬೈಯ ವಡಾಲಾದಲ್ಲಿ ಇದಕ್ಕೊಂದು ಉಪಾಯ ಮಾಡಿದ್ದರು. ಅಲ್ಲಲ್ಲಿ ಸ್ಲೀಪರ್‌ಗಳಿಗೆ, ಅಂದರೆ ಹಳಿಯಡಿಯ ಅಡ್ಡಪಟ್ಟಿಗಳಿಗೆ, ಹಳದಿ ಬಣ್ಣ ಬಳಿದರು. ರೈಲು ಆ ಪಟ್ಟಿಗಳನ್ನು ನುಂಗುತ್ತ ಬಂದಾಗ ಅದರ ವೇಗ ಅಂದಾಜಿಗೆ ಸಿಗುತ್ತಿತ್ತು. ಒಂದೇ ಉದ್ದನೆಯ ಸೀಟಿಯ ಬದಲು ಎರಡು ಚಿಕ್ಕ ಸೀಟಿ ಹಾಕಿಸಿದರು. ಸಾವು ಗಣನೀಯವಾಗಿ ಇಳಿಯಿತೆಂದು ವರದಿಯಾಯಿತು. ಜನ ಹೇಗೆ ದಾಟುತ್ತಾರೆ ಎಂದು ನಿಂತು ನೋಡಿದ್ದರಿಂದ ಹೊಳೆದ ಉಪಾಯವಿದು. ಸುರಕ್ಷತಾ ಸಪ್ತಾಹದ ಬ್ಯಾನರ್ ಕಟ್ಟುವವರಿಗೆ ಅಷ್ಟು ವ್ಯವಧಾನವೆಲ್ಲಿ?

ಹೊಸ ಸೇತುವೆಯ, ಕೆಳಸೇತುವೆಯ ನಕ್ಷೆ ಬರೆಯುವ ಮೊದಲು ಎಂಜಿನಿಯರರು ಹಳಿಯಂಚಿನ ಊರಿನವರ ಜೊತೆ ಒಮ್ಮೆ ಆ ಕಾಲುದಾರಿಗಳ ತನಕ ನಡೆದುಬರಲಿ. ಹೊರೆ ಹೊರುವ ಹೆಂಗಸರು, ಶಾಲೆಯ ಮಕ್ಕಳು ಜೊತೆಗಿರಲಿ, ಬರೀ ಪಂಚಾಯಿತಿ ಸದಸ್ಯರಲ್ಲ. ಕೆಳಸೇತುವೆಯಲ್ಲಿ ಮಳೆಗಾಲದ ನೀರು ಎಲ್ಲಿಗೆ ಹೋಗುತ್ತದೆ ಎಂದೂ ಅವರನ್ನೇ ಕೇಳಲಿ. ನೀರು ನಿಂತರೆ ಜನ ಮತ್ತೆ ಹಳಿ ಹತ್ತುತ್ತಾರೆ.

ಊರಿನವರಿಗೆ ಹೇಳಿಕೊಡಬೇಕಾದ್ದೂ ಒಂದೆರಡಿದೆ. ರೈಲು ಹಳಿಯಷ್ಟೇ ಅಗಲವಲ್ಲ, ಬ್ರಾಡ್‌ಗೇಜ್ ಬೋಗಿ ಎರಡೂ ಕಡೆ ಮುಕ್ಕಾಲು ಮೀಟರ್ ಹೊರಚಾಚಿರುತ್ತದೆ. ಒಂದು ರೈಲು ಹೋದ ಕೂಡಲೇ ನುಗ್ಗಬೇಡಿ, ಅದರ ಮರೆಯಲ್ಲಿ ಎದುರಿನಿಂದ ಇನ್ನೊಂದು ಬರುತ್ತಿರಬಹುದು. ಹಳಿ ಮುರಿದದ್ದು, ಮರ ಬಿದ್ದದ್ದು ಕಂಡರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ‘ಹುಣಸೆಮರದ ಹತ್ತಿರ’ ಎಂದರೆ ಅಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಯಾವ ಎರಡು ನಿಲ್ದಾಣಗಳ ನಡುವೆ ಎಂದು ಹೇಳಿ, ಪಕ್ಕದ ವಿದ್ಯುತ್ ಕಂಬದ ಸಂಖ್ಯೆ ಓದಿ: ಮೇಲಿರುವುದು ಕಿಲೋಮೀಟರ್, ಕೆಳಗಿರುವುದು ಕಂಬದ ಕ್ರಮಸಂಖ್ಯೆ. ಅಷ್ಟರೊಳಗೆ ರೈಲೇ ಬಂತೆಂದರೆ ಕೆಂಪು ಬಟ್ಟೆ ಬೀಸಿ. ಅದೂ ಇಲ್ಲದಿದ್ದರೆ ಎರಡೂ ಕೈಗಳನ್ನು ತಲೆಯ ಮೇಲೆ ನೇರ ಎತ್ತಿ, ಅಂಗೈ ಬಿಡಿಸಿ ಹಿಡಿಯಿರಿ. ಹಗಲಲ್ಲಿ ಅದು ‘ನಿಲ್ಲಿಸು’ ಎಂಬ ಸಂಕೇತವೆಂದು ಪ್ರತಿ ಚಾಲಕನಿಗೂ ಗೊತ್ತು. ನೀವು ನಿಲ್ಲುವುದು ಮಾತ್ರ ಹಳಿಯಿಂದ ದೂರ.

– ನಿವೃತ್ತ ಟ್ರ್ಯಾಕ್‌ಮನ್