ಭಾನುವಾರವನ್ನಾದರೂ ನಮಗೆ ಬಿಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಮ್ಮ ಕಾಲೇಜಿನವರು ವಿದ್ಯಾರ್ಥಿಗಳ ಆರೋಗ್ಯದ ಬಗ್ಗೆ ಆನ್‌ಲೈನ್ ಉಪನ್ಯಾಸ ಇಟ್ಟಿದ್ದರು. ಹಾಜರಿ ಕಡ್ಡಾಯ. ಕಣ್ಣಿಗೆ ಬಿಡುವು ಸಿಗುವ ಒಂದೇ ದಿನ ಅದು. ಎರಡು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತು, ಲ್ಯಾಪ್‌ಟಾಪ್ ಮುಂದೆ ಜಾಸ್ತಿ ಕೂರಬೇಡಿ ಎಂಬ ಬುದ್ಧಿಮಾತು ಕೇಳಿದೆ. ನಗು ಬಂತು. ಕ್ಯಾಮೆರಾ ಆನ್ ಇತ್ತಲ್ಲ, ತಡೆದುಕೊಂಡೆ.

ಕೊರೊನಾ ಕಾಲದಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. 2020ರ ಏಪ್ರಿಲ್ ಹೊತ್ತಿಗೆ ಜಗತ್ತಿನ ಸುಮಾರು 160 ಕೋಟಿ ವಿದ್ಯಾರ್ಥಿಗಳ ಶಾಲೆ-ಕಾಲೇಜು ಮುಚ್ಚಿದ್ದವು ಎಂದು ಯುನೆಸ್ಕೊ ಲೆಕ್ಕ ಕೊಟ್ಟಿತ್ತು. ನಾಲ್ಕು ದಿನದ ಕಷ್ಟ ಅಂದುಕೊಂಡು ಆಗ ಸಹಿಸಿಕೊಂಡೆವು. ಈಗ ನಾನು ಓದುತ್ತಿರುವ ಕೋರ್ಸ್ ಪೂರ್ತಿ ಆನ್‌ಲೈನ್. ಎರಡು ವರ್ಷದ್ದು.

ಬೆಳಿಗ್ಗೆ 9ರಿಂದ 1ರವರೆಗೆ ನಾಲ್ಕು ತರಗತಿ. ಒಂದು ಲಿಂಕ್ ಮುಚ್ಚಿ ಇನ್ನೊಂದು ಒತ್ತುವಷ್ಟೇ ಬಿಡುವು. ಮೂರನೇ ತಿಂಗಳಿಗೆ ಸಂಜೆಯಾದರೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿ, ಜೊತೆಗೆ ತಲೆನೋವು. ಕನ್ನಡಕ ಬರುತ್ತದೆ ಎಂದುಕೊಂಡೇ ಕಣ್ಣಿನ ಡಾಕ್ಟರ್ ಬಳಿ ಹೋದೆ. ಅವರು, 'ನೀನು ರೆಪ್ಪೆ ಬಡಿಯುವುದನ್ನೇ ಮರೆತಿದ್ದೀಯಮ್ಮ' ಎಂದರು. ಸ್ಕ್ರೀನ್ ದಿಟ್ಟಿಸುವಾಗ ರೆಪ್ಪೆ ಬಡಿಯುವುದು ತುಂಬಾ ಕಡಿಮೆಯಾಗಿ ಕಣ್ಣು ಒಣಗುತ್ತದಂತೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ್ದನ್ನು, 20 ಸೆಕೆಂಡು ನೋಡು ಎಂದು ಹೇಳಿ ಕಳಿಸಿದರು. ನನ್ನ ಕೋಣೆಯ ಉದ್ದವೇ 10 ಅಡಿ! ಹಾಗಾಗಿ ಎದ್ದು ಕಿಟಕಿಗೆ ಹೋಗಿ ಎದುರು ಕಟ್ಟಡದ ನೀರಿನ ಟ್ಯಾಂಕ್ ನೋಡುತ್ತೇನೆ. ಅದರ ಮೇಲಿನ ಕಲೆಗಳೆಲ್ಲ ಈಗ ಬಾಯಿಪಾಠ. ಒಮ್ಮೆ ಹಾಗೆ ಎದ್ದಾಗಲೇ ನನ್ನ ಹೆಸರು ಕೂಗಿದರು. ಗೈರುಹಾಜರಿ ಬಿತ್ತು.

ಇನ್ನೊಂದು ಕಾಟ, ನನ್ನದೇ ಮುಖ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರ ಲೇಖನವೊಂದರಲ್ಲಿ ವಿಡಿಯೊ ಕರೆಯ ದಣಿವಿಗೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಕೂತ ಜಾಗ ಬಿಟ್ಟು ಅಲ್ಲಾಡಲಾಗದೆ ಇರುವುದು ಮತ್ತೊಂದು. ನಮ್ಮ ಮುಖ ನಮಗೆ ಕಾಣದಂತೆ ಮಾಡುವ ಆಯ್ಕೆ ಆ್ಯಪ್‌ನಲ್ಲೇ ಇದೆ ಎಂದು ಗೆಳತಿ ತೋರಿಸಿಕೊಟ್ಟ ದಿನ ತಲೆಭಾರ ಅರ್ಧ ಇಳಿಯಿತು. ಅಷ್ಟು ದಿನ ನಾನು ಪಾಠಕ್ಕಿಂತ ನನ್ನ ಕೆದರಿದ ಕೂದಲನ್ನೇ ಜಾಸ್ತಿ ನೋಡಿದ್ದೆ.

ಅದೇ ಗೆಳತಿಯೂ ನಾನೂ ಈಗ ಸಂಜೆ ಫೋನ್ ಕಿವಿಗಿಟ್ಟುಕೊಂಡು, ಅವಳು ಅವಳ ಮನೆಯ ಮಹಡಿಯಲ್ಲಿ, ನಾನು ನಮ್ಮ ಮಹಡಿಯಲ್ಲಿ ನಡೆಯುತ್ತಾ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಪಾಠ ಎಷ್ಟು ತಲೆಗೆ ಹೋಗುತ್ತದೋ, ರಾತ್ರಿ ನಿದ್ದೆಯಂತೂ ಬರುತ್ತದೆ. ಹಾಸಿಗೆ ಮೇಲೆ ಕೂತು ಕ್ಲಾಸ್ ಕೇಳುವುದನ್ನೂ ಬಿಟ್ಟೆ. ಹಗಲೆಲ್ಲ ಕ್ಲಾಸ್‌ರೂಮ್ ಆಗಿದ್ದ ಹಾಸಿಗೆಯಲ್ಲಿ ರಾತ್ರಿ ಕಣ್ಣು ಮುಚ್ಚುವುದು ಹೇಗೆ?

ಮೊದಲು ತರಗತಿಯಿಂದ ತರಗತಿಗೆ ನಡೆಯುತ್ತಿದ್ದೆವು. ಮೆಟ್ಟಿಲು ಹತ್ತುತ್ತಿದ್ದೆವು, ನೀರು ಕುಡಿಯುತ್ತಿದ್ದೆವು, ಸುಮ್ನೆ ಹರಟುತ್ತಿದ್ದೆವು. ಅದನ್ನು ಯಾರೂ ಆರೈಕೆ ಅಂತ ಕರೆಯಲಿಲ್ಲ. ವೇಳಾಪಟ್ಟಿಯಲ್ಲೇ ಅದಕ್ಕೆ ಜಾಗ ಇತ್ತು, ಅಷ್ಟೇ. ಈಗ ಆ ಜಾಗ ಕಿತ್ತುಕೊಂಡು, 'ನಿಮ್ಮ ಕಾಳಜಿ ನೀವೇ ಮಾಡಿಕೊಳ್ಳಿ' ಎಂದರೆ ಅದೂ ಇನ್ನೊಂದು ಹೋಂವರ್ಕ್ ಅಲ್ವಾ? ಎರಡು ತರಗತಿಗಳ ನಡುವೆ 10 ನಿಮಿಷ ಬಿಡಿ. ಬರೀ ಪಾಠ ಕೇಳುವ ಹೊತ್ತಿನಲ್ಲಿ ಕ್ಯಾಮೆರಾ ಆಫ್ ಮಾಡಲು ಒಪ್ಪಿಕೊಳ್ಳಿ. ವೇಳಾಪಟ್ಟಿ ಮಾಡುವವರು ನಿಮ್ಮ ಪತ್ರಿಕೆ ಓದುತ್ತಾರೆಂಬ ನಂಬಿಕೆಯಿಂದ ಇಷ್ಟು ಬರೆದೆ.

ಅಂದಹಾಗೆ, ಆರೋಗ್ಯದ ಉಪನ್ಯಾಸಕ್ಕೆ ಎರಡನೇ ಭಾಗವೂ ಇದೆಯಂತೆ. ಬರುವ ಭಾನುವಾರ ಬೆಳಿಗ್ಗೆ 7ಕ್ಕೆ. ವಿಷಯ ನಿದ್ದೆ.

ಇಂತಿ,
ಆನ್‌ಲೈನ್ ಕೋರ್ಸಿನ ಒಬ್ಬ ವಿದ್ಯಾರ್ಥಿನಿ